ಹೆಬ್ಬೆರಳಿನ ದರ್ಬಾರು

ರಾತ್ರಿ ಎರಡೂವರೆಗೆ ನಾನು ಕಿರುಚಿಕೊಂಡಾಗ ಹೆಂಡತಿ ಏನಾಯಿತೆಂದು ಕೇಳಲಿಲ್ಲ, ಚಪ್ಪಲಿ ಎತ್ತಿಕೊಂಡಳು. ಬಳ್ಳಾರಿ ಗುಡ್ಡದ ಬುಡದಲ್ಲಿ ಮನೆ ಮಾಡಿಕೊಂಡವರಿಗೆ ಅಪರಾತ್ರಿಯ ಕಿರುಚಾಟವೆಂದರೆ ಚೇಳು ಎಂದೇ ಅರ್ಥ. ಹಾಸಿಗೆ ಝಾಡಿಸಿದ್ದಾಯಿತು, ದಿಂಬು ಕೊಡವಿದ್ದಾಯಿತು, ಮಂಚದ ಕೆಳಗೆ ಟಾರ್ಚ್ ಬಿಟ್ಟು ಎಂದೋ ಕಳೆದುಹೋಗಿದ್ದ ನನ್ನ ಪೆನ್ನಿನ ಟೊಪ್ಪಿಗೆಯನ್ನು ಪತ್ತೆಹಚ್ಚಿದ್ದೂ ಆಯಿತು. ಗದ್ದಲಕ್ಕೆ ಎದ್ದ ಪಕ್ಕದ ಮನೆಯ ಯಜಮಾನರು ಅರ್ಧ ಉಳ್ಳಾಗಡ್ಡಿ ಹಿಡಿದು ಓಡಿಬಂದರು. ಅದನ್ನು ನನ್ನ ಬಲಗಾಲಿನ ಹೆಬ್ಬೆರಳಿಗೆ ತಿಕ್ಕಿದ ಕ್ಷಣ ನಾನು ತೆಗೆದ ಸ್ವರ ರಾಯಲ್ ಸರ್ಕಲ್‌ವರೆಗೂ ಮುಟ್ಟಿರಬೇಕು. ಚೇಳು ಮಾತ್ರ ಸಿಗಲಿಲ್ಲ. ನಾಲ್ಕು ಗಂಟೆಗೆ ದಣಿದು ಕೂತ ಹೆಂಡತಿ, "ನಿಮ್ಮನ್ನ ಕಡಿದು ಎಲ್ಲೋ ಸತ್ತು ಬಿದ್ದೈತಿ ಬಿಡ್ರಿ, ಪಾಪ" ಎಂದಳು. ಆ ಪಾಪ ಯಾರಿಗೆ ಸೇರಿದ್ದು ಎಂದು ನಾನು ಇನ್ನೂ ಕೇಳಿಲ್ಲ.

ಬೆಳಗಾಗುವ ಹೊತ್ತಿಗೆ ಬೆರಳಿಗೆ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಹಿಟ್ಟಿನಲ್ಲಿ ಅದ್ದಿ ಕರಿದ ಮಿರ್ಚಿಯ ಗಾತ್ರ. ತೆಳು ದುಪ್ಪಟಿ ತಾಗಿದರೂ ನೋವು. ದುಪ್ಪಟಿ ತೆಗೆದರೆ ಫ್ಯಾನಿನ ಗಾಳಿ ತಾಗಿ ನೋವು. ಮೇ ತಿಂಗಳ ಬಳ್ಳಾರಿಯಲ್ಲಿ ಫ್ಯಾನ್ ಆರಿಸು ಎನ್ನುವವನನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕೊನೆಗೆ ಬೆರಳಿನ ಮೇಲೆ ರೊಟ್ಟಿಬುಟ್ಟಿ ಕವುಚಿದರು. ಬುಟ್ಟಿ ಸಮೇತ ಆಟೋ ಹತ್ತಿ ಡಾಕ್ಟರ ಹತ್ತಿರ ಹೋದೆ. ಅವರು ಬುಟ್ಟಿ ಎತ್ತಿ ಇಣುಕಿ, ಮತ್ತೆ ಮುಚ್ಚಿ, "ಚೇಳಲ್ಲ, ಗೌಟು" ಎಂದರು. ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲ 9.1 ಬಂತು.

"ಕುಡೀತೀರೇನು?"

"ಇಲ್ಲ ಸರ್."

"ಮಟನ್, ಬೋಟಿ, ಮೀನು?"

"ಶಿವ ಶಿವ! ನಮ್ಮನಿಯಾಗ ತತ್ತಿ ಕೂಡ ಬರಂಗಿಲ್ಲ."

ಡಾಕ್ಟರು ಹೆಂಡತಿಯ ಮುಖ ನೋಡಿದರು. ಹೆಂಡತಿ ನನ್ನ ಮುಖ ನೋಡಿದಳು. ಗೌಟೆಂದರೆ ರಾಜರ ರೋಗ, ಗುಂಡು-ತುಂಡಿನವರ ರೋಗ ಎಂಬ ಪ್ರತೀತಿ ಆಕೆಗೂ ಗೊತ್ತಿತ್ತು. ಆಟೋದಲ್ಲಿ ಮನೆಗೆ ಬರುವಾಗ ಆಕೆ ಮೆಲ್ಲಗೆ, "ಆವಾಗ ವಾರವಾರ ಆಡಿಟ್ ಅಂತ ಹೊಸಪೇಟಿಗೆ ಹೋಗ್ತಿದ್ರಲ್ಲ..." ಎಂದು ಶುರುಮಾಡಿದಳು. ಇಪ್ಪತ್ತು ವರ್ಷದ ಹಿಂದಿನ ಲೆಕ್ಕಪತ್ರವನ್ನು ಒಂದು ಹೆಬ್ಬೆರಳು ಮರುಪರಿಶೀಲನೆಗೆ ಎಳೆದಿತ್ತು.

ಡಾಕ್ಟರು ಬಿಡಿಸಿ ಹೇಳಿದ್ದರು. ಯೂರಿಕ್ ಆಮ್ಲದಲ್ಲಿ ಮೂರರಲ್ಲಿ ಎರಡು ಪಾಲನ್ನು ನಮ್ಮ ಮೈಯೇ ತಯಾರಿಸುತ್ತದಂತೆ. ಊಟದಿಂದ ಬರುವುದು ಉಳಿದೊಂದು ಪಾಲು. ಕಿಡ್ನಿ ಅದನ್ನು ಸರಿಯಾಗಿ ಹೊರಗೆ ದೂಡದಿದ್ದರೆ ರಕ್ತದಲ್ಲಿ ಏರುತ್ತದೆ. ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದರೆ, ಚಹಾದ ತಳದಲ್ಲಿ ಕರಗದ ಸಕ್ಕರೆ ಕೂತಂತೆ, ಕೀಲಿನಲ್ಲಿ ಹರಳಾಗಿ ಕೂರುತ್ತದೆ. ಮೈಯಲ್ಲಿ ತಂಪಾದ ಜಾಗ ಕಾಲಿನ ತುದಿ, ಅದಕ್ಕೇ ಮೊದಲ ಠಿಕಾಣಿ ಅಲ್ಲಿ. ಇದನ್ನು ಮಾತ್ರ ನಾನು ತಕ್ಷಣ ಒಪ್ಪಿದೆ. ಬಳ್ಳಾರಿಯಲ್ಲಿ ತಂಪು ಜಾಗ ಕಂಡರೆ ಯಾರು ತಾನೆ ಹೋಗಿ ಕೂರುವುದಿಲ್ಲ? ನಾನು ನುಂಗುತ್ತಿದ್ದ ಬಿ.ಪಿ. ಮಾತ್ರೆಯಲ್ಲಿ ಮೂತ್ರ ಇಳಿಸುವ ಮದ್ದು ಸೇರಿತ್ತು, ಅದೂ ಯೂರಿಕ್ ಆಮ್ಲ ಏರಿಸುವಂಥದ್ದು ಎಂದು ಅದನ್ನು ಬದಲಿಸಿದರು. ಐದು ದಿನಕ್ಕೆ ನೋವಿನ ಮಾತ್ರೆ ಬರೆದರು. "ನೀರು ಚೆನ್ನಾಗಿ ಕುಡೀರಿ. ಹಾಲು ಕುಡೀರಿ, ಒಳ್ಳೇದು. ಊತ ಇಳಿದ ಮ್ಯಾಲ ಬರ್ರಿ, ಆಮ್ಲ ಇಳಿಸೋ ಮಾತ್ರೆ ಶುರು ಮಾಡೋಣ. ಆರರ ಕೆಳಗ ತಂದು ಅಲ್ಲೇ ಹಿಡಿದಿಡಬೇಕು."

"ಎಷ್ಟು ದಿನ ಸರ್?"

"ದಿನ ಅಲ್ರೀ, ಕಾಯಂ."

ನೌಕರಿ ಕಾಯಂ ಆಗಲು ಹನ್ನೊಂದು ವರ್ಷ ಕಾದವನು ನಾನು. ಒಂದು ಮಾತ್ರೆ ಬಂದ ದಿನವೇ ಕಾಯಂ ಆಗುವುದನ್ನು ನನ್ನೊಳಗಿನ ಗುಮಾಸ್ತ ಒಪ್ಪಲಿಲ್ಲ. ಆ ಡಾಕ್ಟರ ಬಾಗಿಲಿಗೆ ಮತ್ತೆ ಹತ್ತು ತಿಂಗಳು ನಾನು ಹೋಗಲಿಲ್ಲ.

ಅಷ್ಟರಲ್ಲಿ ಮನೆಗೆ ವೈದ್ಯರು ಬರತೊಡಗಿದರು. ನೋಡಲು ಬಂದವರೆಲ್ಲ ವೈದ್ಯರೇ. ಒಬ್ಬರು ಟೊಮೆಟೊ ಬಿಡಿ ಎಂದರು, ಒಬ್ಬರು ಬದನೆಕಾಯಿ ಎಂದರು, ಮೊಬೈಲಿನಲ್ಲಿ ಬಂದ ಪಟ್ಟಿಯೊಂದು ಪಾಲಕ್, ಹೂಕೋಸು, ಬಟಾಣಿ, ತೊಗರಿಬೇಳೆಯನ್ನು ಗಡಿಪಾರು ಮಾಡಿತು. ಹೆಂಡತಿಯ ತರ್ಕ ಇನ್ನೂ ನೇರ: ರೋಗದ ಹೆಸರೇ ಆಮ್ಲ, ಆದ್ದರಿಂದ ಹುಳಿ ಬಂದ್. ಹುಣಸೆ ಹೋಯಿತು, ನಿಂಬೆ ಹೋಯಿತು, ಪುಂಡಿಪಲ್ಯೆ ಹೋಯಿತು. ಬೇಳೆಯೂ ಇಲ್ಲದ, ಹುಳಿಯೂ ಇಲ್ಲದ ಬಳ್ಳಾರಿಯ ಊಟ ಎಂದರೆ ತಾಟು ಮಾತ್ರ. ರೊಟ್ಟಿಯ ಜೊತೆ ಸೋರೆಕಾಯಿ, ಸೋರೆಕಾಯಿಯ ಜೊತೆ ರೊಟ್ಟಿ ತಿನ್ನುತ್ತ ನಾನು ಎರಡು ತಿಂಗಳು ಕಳೆದೆ. ಅಮೆರಿಕದಲ್ಲಿ 47 ಸಾವಿರಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಬೆನ್ನುಹತ್ತಿ ನೋಡಿದ ಅಧ್ಯಯನವೊಂದು 2004ರಲ್ಲೇ ಪ್ರಕಟವಾಗಿದೆ. ಮಾಂಸ-ಮೀನು ಹೆಚ್ಚು ತಿಂದವರಿಗೆ ಗೌಟು ಹೆಚ್ಚು, ಆದರೆ ಬೇಳೆ-ಸೊಪ್ಪಿನಿಂದ ಹೆಚ್ಚಾಗಿಲ್ಲ, ಹಾಲು ಬಳಸುವವರಿಗೆ ಕಡಿಮೆ ಎಂದು ಅದರಲ್ಲಿದೆ. ಇದು ನನಗೆ ತಿಳಿಯುವ ಹೊತ್ತಿಗೆ ನಮ್ಮನೆಯ ಹಿತ್ತಿಲಿಗೂ ಸೋರೆಕಾಯಿ ಸಾಕಾಗಿತ್ತು.

ಈ ಮಧ್ಯೆ ಅಮೃತಬಳ್ಳಿ ಪ್ರವೇಶಿಸಿತು. ನೋವು ಶುರುವಾದ ಆರನೆಯ ದಿನ ಯಾರೋ ಪುಣ್ಯಾತ್ಮರು ಒಂದು ಮಾರುದ್ದ ಬಳ್ಳಿ ತಂದುಕೊಟ್ಟು, ಕುದಿಸಿ ಕುಡಿಯಿರಿ ಎಂದರು. ಕುಡಿದೆ. ಕಹಿ ಎಂಬ ಮಾತಿಗೆ ಅದು ಅವಮಾನ. ನಾಲಗೆ ಒಳಕ್ಕೆ ಹೋಗಿ ಬಾಗಿಲು ಹಾಕಿಕೊಂಡಿತು. ಆದರೆ ಎಂಟನೆಯ ದಿನ ಊತ ಮಾಯ! ನಾನು ಎದ್ದು ಓಡಾಡಿದೆ. ಕಂಡಕಂಡವರಿಗೆಲ್ಲ ಅಮೃತಬಳ್ಳಿಯ ಮಹಿಮೆ ಹೇಳಿದೆ, ಗಾಂಧಿನಗರದ ಒಬ್ಬರಿಗೆ ತುಂಡು ಕೂಡ ಕೊಟ್ಟೆ. ಗೌಟಿನ ನೋವು ಏನೂ ಮಾಡದಿದ್ದರೂ ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ ಎಂಬುದು ಯಾರೂ ನನಗೆ ಹೇಳಿರದ ಗುಟ್ಟು. ಆರನೆಯ ದಿನ ಏನು ಕೊಟ್ಟರೂ ಅದೇ ಸಂಜೀವಿನಿ. ಅವತ್ತು ಅವರು ಸೈಕಲ್ ಟ್ಯೂಬು ಕುದಿಸಿ ಕೊಟ್ಟಿದ್ದರೂ ನಾನು ಟ್ಯೂಬಿನ ಮಹಿಮೆ ಸಾರುತ್ತಿದ್ದೆ.

ಆಗಸ್ಟಿನಲ್ಲಿ ಸಿರುಗುಪ್ಪಕ್ಕೆ ಹೋದೆ. ನನ್ನ ಭಾವಮೈದ ಅಲ್ಲಿ ಭತ್ತ ಬೆಳೆಯುತ್ತಾನೆ. ಕಾಲುವೆಗೆ ತುಂಗಭದ್ರೆಯ ನೀರು ಬಂದು, ಕಣ್ಣು ಹಾಯಿಸಿದಷ್ಟೂ ನಾಟಿಯ ಹಸಿರು. ಅಮೃತಬಳ್ಳಿ ಮುಗಿದಿದೆ ಎಂದು ನಾನು ಪೇಚಾಡಿದಾಗ ಭಾವಮೈದ, "ಅದಕ್ಕೇನು ಬರಗಾಲ ಭಾವ? ಬೇಲಿ ತುಂಬ ಬಳ್ಳಿ ಅದಾವ" ಎಂದ. ಹೌದಲ್ಲ ಎನಿಸಿತು. ಆ ಹೊತ್ತಿಗಾಗಲೇ ನಾನು ಗಿಡಮೂಲಿಕೆಯಲ್ಲಿ ನುರಿತವನೆಂಬ ಹೆಸರು ಬಂಧುಬಳಗದಲ್ಲಿ ಹಬ್ಬಿತ್ತು. ಹಬ್ಬಿಸಿದವನು ನಾನೇ. ಕುಡುಗೋಲು ಹಿಡಿದು ಕಾಲುವೆ ದಂಡೆಗೆ ಹೋಗಿ, ಎಲೆಯ ಆಕಾರ ಒಂದು ಥರ ಹೃದಯದಂತೆ ಕಂಡ ಬಳ್ಳಿಯನ್ನು ಕೊಯ್ದು ತಂದೆ. ಕುದಿಸಿದರೆ ಸತ್ವ ಹೋಗುತ್ತದೆಂದು ಹೊಸ ಸಿದ್ಧಾಂತ ಹೂಡಿ, ಎಲೆಗಳನ್ನು ನೀರಿನಲ್ಲಿ ಕಿವುಚಿ, ಸೋಸಿ, ಬೆಳಗ್ಗೆ ಖಾಲಿ ಹೊಟ್ಟೆಗೆಂದು ಸ್ಟೀಲ್ ಲೋಟದಲ್ಲಿ ಮುಚ್ಚಿಟ್ಟೆ.

ಬೆಳಗ್ಗೆ ಲೋಟ ಬಗ್ಗಿಸಿದರೆ ಏನೂ ಬೀಳಲಿಲ್ಲ. ತಲೆಕೆಳಗು ಮಾಡಿದರೂ ಬೀಳಲಿಲ್ಲ. ಒಳಗೆ ಹಸಿರು ಬಣ್ಣದ ಗಟ್ಟಿ ಗಿಣ್ಣು ನಡುಗುತ್ತ ಕೂತಿತ್ತು. ನನಗೆ ಮೈ ಝುಮ್ಮೆಂದಿತು. ಹರಳು ಕಟ್ಟುವ ರೋಗಕ್ಕೆ ಗಟ್ಟಿಯಾಗುವ ಔಷಧ! ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಲ್ಲವೇ? ಚಮಚ ತರಿಸಿ ತಿಂದೆ. ಮನೆಮಂದಿಯೆಲ್ಲ ಸುತ್ತ ನಿಂತು ಭಕ್ತಿಯಿಂದ ನೋಡಿದರು. ಅರ್ಧ ಮುಗಿದಿತ್ತು, ರಜೆಗೆ ಬಂದಿದ್ದ ಭಾವಮೈದನ ಮಗಳು ಹಲ್ಲುಜ್ಜುತ್ತ ಒಳಗೆ ಬಂದಳು. ಆಕೆ ಓದುವುದು ಕೃಷಿ ಪದವಿ. ಉಳಿದ ಎಲೆ ಎತ್ತಿ ನೋಡಿದವಳೇ ನೊರೆ ಉಗುಳಿ ನಕ್ಕಳು. "ಮಾಮಾ, ಇದು ಅಮೃತಬಳ್ಳಿ ಎಲ್ಲೈತಿ? ದಾಗಡಿ ಬಳ್ಳಿ! ಇದರ ರಸ ನೀರಾಗ ಹಾಕಿಟ್ರ ಹಿಂಗ ಗಟ್ಟಿ ಆಕ್ಕತಿ. ಸಣ್ಣಾಕಿದ್ದಾಗ ನಾವು ಇದರಾಗ ಆಟ ಆಡ್ತಿದ್ವಿ." ದಾಗಡಿಯೂ ಔಷಧದ ಬಳ್ಳಿಯೇ, ಮೈಗೆ ತಂಪು ಎನ್ನುತ್ತಾರೆ. ಪುಣ್ಯಕ್ಕೆ ನನಗೆ ಏನೂ ಆಗಲಿಲ್ಲ. ಮಾನದ ವಿಷಯ ಬೇರೆ. ಸಿರುಗುಪ್ಪದ ಆ ಓಣಿಯಲ್ಲಿ ಈಗಲೂ ನನ್ನನ್ನು ಕೇಳುವುದು "ಗಿಣ್ಣು ತಿಂದ ಮಾಮಾ ಬಂದಾರೇನು" ಎಂದೇ.

ಅದೇ ವಾರ ಎಡಗಾಲಿನ ಬೆರಳು ಎದ್ದಿತು. ಬಲಗಾಲಿಗೆ ಮಾತ್ರ ಮರ್ಯಾದೆ ಸಲ್ಲುತ್ತಿರುವುದು ಅದಕ್ಕೆ ಸಹಿಸಲಿಲ್ಲವೇನೋ. ನಾನು ಪಾಠ ಕಲಿತೆನೇ? ಪಟ್ಟಿಗೆ ನೆಗ್ಗಿಲುಮುಳ್ಳು, ಕಿರುನೆಲ್ಲಿ, ತ್ರಿಫಲಾ ಸೇರಿಸಿದೆ. ಕಿಡ್ನಿಯ ಕಲ್ಲನ್ನೇ ಕರಗಿಸುತ್ತದೆ ಎನ್ನುವ ಹುರಳಿ ಬೆರಳಿನ ಹರಳನ್ನು ಬಿಟ್ಟೀತೇ ಎಂದು ದಿನಾ ಹುರಳಿಕಟ್ಟಿನ ಸಾರು ಮಾಡಿಸಿದೆ. ಕಹಿ ತಡೆಯಲು ಕಷಾಯಕ್ಕೆ ಅಂಗೈಯಗಲ ಬೆಲ್ಲ. ಕೌಲ್‌ಬಜಾರಿನಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ ಎರಡೂ ಬೂಟಿಗೆ ಹೆಬ್ಬೆರಳಿನ ಜಾಗದಲ್ಲಿ ಕಿಟಕಿ ಕೊಯ್ಯಿಸಿದೆ. "ಹೊಸಾ ಬೂಟಿಗೆ ತೂತು ಹಾಕ್ಸೋರನ್ನ ಇವತ್ತೇ ನೋಡಿದ್ದು ಸಾಮಿ" ಎಂದು ಆತ ದುಡ್ಡೇ ಬೇಡವೆಂದ. ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜು ಇರುವ ಊರು ನಮ್ಮದು. ಬಳ್ಳಿ ತಿನ್ನುವ ಚಪಲವಿದ್ದವನು ಅಲ್ಲಿಗಾದರೂ ಹೋಗಿ ಕೇಳಬೇಕಿತ್ತು. ಓದಿದವರನ್ನು ಕೇಳಿದರೆ ಅವರು ಬೇಡ ಎಂದುಬಿಟ್ಟಾರು ಎಂಬ ಭಯ.

ಕಡೆಯ ಅಂಕ ನಡೆದದ್ದು ಕುರುಗೋಡಿನಲ್ಲಿ. ಒಂದು ಕಾಲಕ್ಕೆ ಸಿಂದ ಅರಸರು ಆಳಿದ ಊರು. ರಾಜರ ರೋಗ ಹೊತ್ತುಕೊಂಡು ಹೋಗಲು ಇದಕ್ಕಿಂತ ಯೋಗ್ಯ ಜಾಗ ಯಾವುದು? ಅಕ್ಕನ ಮನೆ ಅಲ್ಲೇ. ಹೋಳಿ ಹುಣ್ಣಿಮೆಯ ಹೊತ್ತಿನ ದೊಡ್ಡಬಸವೇಶ್ವರನ ತೇರಿಗೆ ಅಕ್ಕ ಕರೆದಿದ್ದಳು. ಈ ಸಲ ನನ್ನ ತಲೆಯಲ್ಲಿ ಹೊಸ ವಿಚಾರ: ತಿಂದರೆ ತಾನೇ ಆಮ್ಲ? ತಿನ್ನದಿದ್ದರೆ ಎಲ್ಲಿಂದ ಬರಬೇಕು? ದೇವರ ಹೆಸರೂ ಆಯಿತು, ರೋಗದ ಉಪಾಯವೂ ಆಯಿತು ಎಂದು ನೀರೂ ಮುಟ್ಟದ ಉಪವಾಸ ಹಿಡಿದೆ. ಮಾರ್ಚಿನ ಬಿಸಿಲು ನೆತ್ತಿಯ ಮೇಲೆ ದೋಸೆ ಹುಯ್ಯುತ್ತಿತ್ತು. ಗುಡಿಯೊಳಗೆ ಒಂದೇ ಕಲ್ಲಿನಲ್ಲಿ ಕಡೆದ, ಆಳೆತ್ತರ ಮೀರಿದ ಬಸವಣ್ಣ ಕಾಲು ಮಡಚಿ ನೆಮ್ಮದಿಯಾಗಿ ಕೂತಿದ್ದ. ಆತನ ಗೊರಸನ್ನೇ ದಿಟ್ಟಿಸುತ್ತ ಕೈಮುಗಿದೆ.

ತೇರಿನ ಗದ್ದಲದಲ್ಲಿ ಗೌಟಿನವನ ಪಾಡು ಕೇಳಬೇಡಿ. ಎಲ್ಲರೂ ಕಳಸ ನೋಡುತ್ತಿದ್ದರು, ನಾನು ಎಲ್ಲರ ಪಾದ ನೋಡುತ್ತಿದ್ದೆ. ಪಕ್ಕದ ಮುದುಕಿಯೊಬ್ಬಳು, "ಎಷ್ಟು ತಗ್ಗಿ ಬಗ್ಗಿ ನಡಿತೈತಿ ನೋಡವ್ವ, ದೊಡ್ಡ ಭಕ್ತ" ಎಂದು ನನಗೇ ಕೈಮುಗಿದಳು. ಅಷ್ಟರಲ್ಲಿ ಯಾರೋ ತೇರಿನ ಮೇಲಕ್ಕೆ ತೂರಿದ ಉತ್ತತ್ತಿ ಗಾಲಿಗೆ ಬಡಿದು ಪುಟಿದು, ಅಷ್ಟು ಸಾವಿರ ಪಾದಗಳನ್ನು ಬಿಟ್ಟು, ನನ್ನ ಬೂಟಿನ ಕಿಟಕಿಯ ಮೂಲಕ ಒಳಗೆ ಬಂತು. ಉತ್ತತ್ತಿಯ ಬೀಜ ಎಷ್ಟು ಗಟ್ಟಿ ಎಂಬುದು ನನಗೆ ಗೊತ್ತು. ನಾನು ಕೂಗಿದ ಕೂಗಿಗೆ ಸುತ್ತಲಿನವರು "ಹರಹರ ಮಹಾದೇವ" ಎಂದು ದನಿಗೂಡಿಸಿದರು.

ಸಂಜೆ ಉಪವಾಸ ಬಿಡಬೇಕಿತ್ತಲ್ಲ. ಗಂಟಲು ಒಣಗಿ ತಗಡಾಗಿತ್ತು. ಡಾಕ್ಟರು ಹಾಲು ಒಳ್ಳೆಯದು ಎಂದದ್ದು ನೆನಪಾಯಿತು. ಎದುರಿಗೇ ಗಾಣ ತಿರುಗುತ್ತಿತ್ತು. ಮೂರು ಲೋಟ ಕಬ್ಬಿನ ಹಾಲು ಕುಡಿದೆ. ಮೇಲೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ರಾತ್ರಿ ಮತ್ತೆ ಎರಡೂವರೆ. ಈ ಸಲ ಎರಡೂ ಹೆಬ್ಬೆರಳು, ಜೊತೆಗೆ ಒಂದು ಹಿಮ್ಮಡಿ. ಅಕ್ಕನ ಮನೆಯಲ್ಲಿ ರೊಟ್ಟಿಬುಟ್ಟಿ ಇದ್ದದ್ದು ಒಂದೇ.

ಹತ್ತು ತಿಂಗಳ ಮೇಲೆ ಅದೇ ಡಾಕ್ಟರ ಮುಂದೆ ಕೂತೆ. ಯೂರಿಕ್ ಆಮ್ಲ 10.4. ತಪ್ಪೊಪ್ಪಿಗೆ ಮುಗಿಯುವವರೆಗೂ ಅವರು ಸುಮ್ಮನಿದ್ದರು. ಕಬ್ಬಿನ ಹಾಲಿಗೆ ಬಂದಾಗ ಪೆನ್ನು ಕೆಳಗಿಟ್ಟರು. "ಹಾಲು ಅಂದಿದ್ದು ಎಮ್ಮೀದ್ರೀ. ಅದೂ ಕೆನಿ ತಗದು." ಬೆಲ್ಲ, ಸಕ್ಕರೆ, ಕಬ್ಬು, ಬಾಟಲಿಯ ತಂಪು ಪಾನೀಯ ಎಲ್ಲದರಲ್ಲೂ ಫ್ರಕ್ಟೋಸ್ ಇದೆ. ಅದು ಯಕೃತ್ತಿನಲ್ಲಿ ಜೀರ್ಣವಾಗುವಾಗ ಯೂರಿಕ್ ಆಮ್ಲ ಹುಟ್ಟುತ್ತದೆ. ಇನ್ನು ಉಪವಾಸ: ಹೊಟ್ಟೆ ಖಾಲಿಯಾದಾಗ ಮೈಯ ಕೊಬ್ಬು ಕರಗಿ ಕೀಟೋನ್ ಎಂಬವು ಬರುತ್ತವೆ, ಅವೂ ಯೂರಿಕ್ ಆಮ್ಲವೂ ಕಿಡ್ನಿಯ ಒಂದೇ ಬಾಗಿಲಲ್ಲಿ ಇಳಿಯಬೇಕು. ಜಾತ್ರೆಯ ಬಸ್ಸು ನೋಡಿದವನಿಗೆ ಹೆಚ್ಚು ವಿವರಿಸಬೇಕಿಲ್ಲ. ನೀರೂ ಕುಡಿಯದಿದ್ದರೆ ಬಸ್ಸೇ ಹೊರಡುವುದಿಲ್ಲ.

ನನಗೆ ನಮ್ಮ ಕೋಟೆಯ ಕಥೆ ನೆನಪಾಯಿತು. ಬಳ್ಳಾರಿ ಗುಡ್ಡದ ಕೋಟೆಯನ್ನು ಹೈದರಾಲಿ ಫ್ರೆಂಚ್ ಎಂಜಿನಿಯರ್ ಒಬ್ಬನಿಂದ ಬಲಪಡಿಸಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡವೇ ಕೋಟೆಗಿಂತ ಎತ್ತರ. ಎಂಜಿನಿಯರನನ್ನು ಗಲ್ಲಿಗೆ ಹಾಕಿಸಿದ ಎಂದು ಊರಿನವರು ಹೇಳುತ್ತಾರೆ. ನಾನು ಬದನೆಕಾಯಿ, ಟೊಮೆಟೊ, ಬೇಳೆಗೆ ಕಾವಲು ನಿಂತಿದ್ದೆ. ಪಕ್ಕದಲ್ಲೇ ಬೆಲ್ಲದ ಗುಡ್ಡ ನಿಂತಿತ್ತು. ನನ್ನನ್ನು ಗಲ್ಲಿಗೆ ಹಾಕಲಿಲ್ಲ, ಹೆಂಡತಿ ಆ ವಿಷಯದಲ್ಲಿ ಹೈದರಾಲಿಗಿಂತ ಸೌಮ್ಯ.

"ಅಲ್ಲ ಸರ್, ನನಗ ಈ ಇಂಗ್ಲಿಷ್ ಮಾತ್ರೆ ಅಂದ್ರ ಭಯ. ಗಿಡಮೂಲಿಕೆ ಏನಾರ..." ಎಂದು ಕೊನೆಯ ಸಲ ತೊದಲಿದೆ. ಡಾಕ್ಟರು ಡ್ರಾಯರಿನಿಂದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಮಾತ್ರೆ ತೆಗೆದು ಅಂಗೈಯಲ್ಲಿಟ್ಟರು. ಕಾಲ್ಚಿಸಿನ್, ಅರ್ಧ ಮಿಲಿಗ್ರಾಂ. ಅದು ಹುಟ್ಟಿದ್ದೇ ಗಿಡದಿಂದ. ಯುರೋಪಿನಲ್ಲಿ ಕಾಲ್ಚಿಕಮ್ ಎಂಬ ಹೂಗಿಡದಿಂದ ತೆಗೆದರು. ನಮ್ಮ ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗಡ್ಡೆ, ಬೀಜಗಳಲ್ಲೂ ಅದೇ ಇದೆ. ಅರ್ಧ ಮಿಲಿಗ್ರಾಂ ಅಳೆದು ಕೊಟ್ಟರೆ ನೋವು ಇಳಿಯುತ್ತದೆ, ಗಡ್ಡೆಯನ್ನೇ ಕಿತ್ತು ತಿಂದರೆ ಮನುಷ್ಯ ಸಾಯುತ್ತಾನೆ. ಸಿರುಗುಪ್ಪದ ಕಾಲುವೆ ದಂಡೆಯಲ್ಲಿ ನನ್ನ ಕುಡುಗೋಲಿಗೆ ಅಗ್ನಿಶಿಖೆಯ ಬದಲು ದಾಗಡಿ ಸಿಕ್ಕಿದ್ದನ್ನು ನೆನೆದು ಎ.ಸಿ. ಕೋಣೆಯಲ್ಲಿ ಬೆವತೆ.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸುತ್ತಿದ್ದ ಕೆಲವರ ಯಕೃತ್ತಿಗೆ ಪೆಟ್ಟಾದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ಬರೆದಿದ್ದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಈ ಜಗಳದಲ್ಲಿ ನನ್ನ ಯಕೃತ್ತಿನ ಅಭಿಪ್ರಾಯವೇನೆಂದು ತಿಳಿಯಲು ಡಾಕ್ಟರು ಇನ್ನೊಂದು ರಕ್ತಪರೀಕ್ಷೆ ಬರೆದರು. ಅದು ತಟಸ್ಥವಾಗಿತ್ತು.

ಮನೆಗೆ ಬಂದ ಮೇಲೆ, ಸೋತವನ ಹಟದಿಂದ, ಚರಕಸಂಹಿತೆಯ ಕನ್ನಡ ಅನುವಾದ ಹಿಡಿದು ಕೂತೆ. ಚಿಕಿತ್ಸಾಸ್ಥಾನದ 29ನೇ ಅಧ್ಯಾಯವೇ ವಾತರಕ್ತ. ಆಢ್ಯವಾತ, ಅಂದರೆ ಉಳ್ಳವರ ವಾತ ಎಂದೂ ಅದಕ್ಕೆ ಹೆಸರು. ನನ್ನ ಪಿಂಚಣಿ ನೋಡಿದ್ದರೆ ಚರಕ ಬೇರೆ ಹೆಸರು ಹುಡುಕುತ್ತಿದ್ದ. ಸುಕುಮಾರ ದೇಹ, ಸಿಹಿ ಊಟ, ನಡೆಯದೆ ಕೂರುವ ಅಭ್ಯಾಸ ಉಳ್ಳವರಿಗೆ ಬರುತ್ತದೆ ಎನ್ನುವ ಅದರ ಕಾರಣಗಳ ಪಟ್ಟಿಯಲ್ಲಿ ಕಬ್ಬು ಇದೆ, ಹುರಳಿ ಇದೆ, ಹಗಲು ನಿದ್ದೆ, ರಾತ್ರಿ ಜಾಗರಣೆ, ಸಿಟ್ಟು ಎಲ್ಲವೂ ಇವೆ. ಕುದುರೆ, ಒಂಟೆಯ ಸವಾರಿಯೂ ಇದೆ. ಕುದುರೆ, ಒಂಟೆಯನ್ನು ಬಿಟ್ಟರೆ ಉಳಿದದ್ದು ನನ್ನ ದಿನಚರಿಯ ನಕಲು. ಅಮೃತಬಳ್ಳಿ ಚಿಕಿತ್ಸೆಯ ಭಾಗದಲ್ಲಿ ಇದ್ದೇ ಇದೆ. ಆದರೆ ಅದಕ್ಕೆ ಮೊದಲು ಬರುವ ಪಥ್ಯವನ್ನು ನಾನು ಹಾರಿಸಿ ಹೋಗಿದ್ದೆ. ಎಲ್ಲ ಫೈಲಿನಲ್ಲೂ ನಾನು ನೋಡುತ್ತಿದ್ದದ್ದು ಕೊನೆಯ ಪುಟ ಮಾತ್ರ.

ನಾನು ಹೆದರಿ ದೂರ ಇಟ್ಟ ಮಾತ್ರೆ ಅಲೋಪ್ಯೂರಿನಾಲ್. ಅದನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಅವರಿಗೆ 1988ರಲ್ಲಿ ನೊಬೆಲ್ ಸಿಕ್ಕಿತು. ನನಗೆ ಹಸಿರು ಗಿಣ್ಣು ಸಿಕ್ಕಿತು. ಇನ್ನೊಂದು ಸಂಗತಿ ತಿಳಿದಾಗಂತೂ ಕುರುಗೋಡಿನ ಬಸವಣ್ಣನ ನೆಮ್ಮದಿಯ ಕಾರಣ ಹೊಳೆಯಿತು. ಎತ್ತು, ನಾಯಿ, ಇಲಿಗಳ ಮೈಯಲ್ಲಿ ಯೂರಿಕ್ ಆಮ್ಲ ಒಡೆಯುವ ಯೂರಿಕೇಸ್ ಎಂಬ ಕಿಣ್ವ ಇದೆ. ಮನುಷ್ಯನ ಪೂರ್ವಜರು ಅದನ್ನು ಕೋಟಿಗೂ ಮಿಕ್ಕಿದ ವರ್ಷಗಳ ಹಿಂದೆ ಕಳೆದುಕೊಂಡರು. ನಂದಿಗೆ ಗೌಟು ಬರುವುದಿಲ್ಲ.

ಈಗ ದಿನಕ್ಕೊಂದು ಮಾತ್ರೆ, ಮೂರು ಲೀಟರ್ ನೀರು, ಕೆನೆ ತೆಗೆದ ಹಾಲು, ಸಂಜೆ ಗುಡ್ಡದ ಸುತ್ತ ನಡಿಗೆ. ಬೇಳೆ, ಪುಂಡಿಪಲ್ಯೆ ಮನೆಗೆ ಮರಳಿವೆ. ಹೊಸಪೇಟೆಯ ಆಡಿಟ್ ವಿಚಾರಣೆ ಮಾತ್ರ ಮುಗಿದಿಲ್ಲ, ಅದು ಕಾಯಂ. ಕಳೆದ ತಿಂಗಳ ಯೂರಿಕ್ ಆಮ್ಲ 5.7. ನೋವು ಶುರುವಾದ ಮೊದಲ ತಿಂಗಳ ಹುರುಪಿನಲ್ಲಿ ನಾನು ನೆಟ್ಟಿದ್ದ ಅಸಲಿ ಅಮೃತಬಳ್ಳಿ ಈಗ ಬೇವಿನ ಮರ ಹತ್ತಿ ಪಕ್ಕದ ಮನೆಯ ಮಾಳಿಗೆ ಮುಟ್ಟಿದೆ. ಬೇಕಾದವರು ಬಂದು ಕೊಯ್ದುಕೊಂಡು ಹೋಗಿ. ಬರುವಾಗ ಡಾಕ್ಟರ ಚೀಟಿ ತನ್ನಿ, ಹೆಂಡತಿ ಬಾಗಿಲಲ್ಲೇ ಕೇಳುತ್ತಾಳೆ.